ಒಂದೇ ಸರ್ವರ್‌ನಲ್ಲಿ ಹತ್ತಾರು ವೆಬ್‌ಸೈಟ್: ಎಸ್‌ಕ್ಯೂಎಲ್ ಸರ್ವರ್‌ನ ಯಾವ ಎಡಿಷನ್ ಹಾಕಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜು, ಸಹಕಾರ ಸಂಘ, ಬಟ್ಟೆ ಅಂಗಡಿ, ಹೋಮ್‌ಸ್ಟೇ. ಇಂಥವರಿಗೆ ವೆಬ್‌ಸೈಟ್ ಮಾಡಿಕೊಟ್ಟು, ತಾವೇ ಒಂದು ವಿಪಿಎಸ್ (ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್) ತೆಗೆದುಕೊಂಡು ಅದರಲ್ಲೇ ಎಲ್ಲವನ್ನೂ ನಡೆಸುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ನಾನೂ ಅದೇ ಕೆಲಸ ಮಾಡುವವನು. ಆ ಸೈಟ್‌ಗಳ ಡೇಟಾ ಇಡಲು ಬಳಸುವ ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಅನ್ನುವ ಸಾಫ್ಟ್‌ವೇರ್ ಹಾಕುವಾಗ ಎಡಿಷನ್ ಬಗ್ಗೆ ಗೆಳೆಯರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಎಡಿಷನ್ ಬೇರೆ, ವರ್ಷನ್ ಬೇರೆನಾ?

ಹೌದು, ಬೇರೆ ಬೇರೆ. 2016, 2019, 2022, 2025 ಇವು ವರ್ಷನ್‌ಗಳು. ಎಕ್ಸ್‌ಪ್ರೆಸ್, ವೆಬ್, ಸ್ಟ್ಯಾಂಡರ್ಡ್, ಎಂಟರ್‌ಪ್ರೈಸ್, ಡೆವಲಪರ್ ಇವು ಎಡಿಷನ್‌ಗಳು. ಒಳಗಿನ ಎಂಜಿನ್ ಎಲ್ಲದರಲ್ಲೂ ಒಂದೇ. ಎಷ್ಟು ಮೆಮೊರಿ ಬಳಸಬಹುದು, ಎಷ್ಟು ಕೋರ್, ಯಾವ ಸೌಲಭ್ಯ ಇದೆ, ಯಾವುದು ಇಲ್ಲ, ಎಲ್ಲಿ ಬಳಸಲು ಅನುಮತಿ ಇದೆ ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ. ಈಗ ನಿಮ್ಮ ಸರ್ವರ್‌ನಲ್ಲಿ ಯಾವುದಿದೆ ಅಂತ ಗೊತ್ತಿಲ್ಲದಿದ್ದರೆ ಎಸ್‌ಕ್ಯೂಎಲ್ ಸರ್ವರ್ ಮ್ಯಾನೇಜ್‌ಮೆಂಟ್ ಸ್ಟುಡಿಯೋ ತೆರೆದು, ಸರ್ವರ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ‘ಪ್ರಾಡಕ್ಟ್’ ಅನ್ನುವ ಸಾಲಿನಲ್ಲಿ ಎಡಿಷನ್ ಹೆಸರು ಇರುತ್ತದೆ. ಮುಂದೆ ಓದುವ ಮೊದಲು ಅದನ್ನೊಮ್ಮೆ ನೋಡಿಕೊಂಡು ಬನ್ನಿ.

ನನ್ನ ಹತ್ತಿರ 20 ಸೈಟ್ ಇವೆ. ಉಚಿತ ಎಕ್ಸ್‌ಪ್ರೆಸ್ ಸಾಕಾಗುತ್ತಾ?

ಸಾಕಾಗುವ ಸಾಧ್ಯತೆಯೇ ಜಾಸ್ತಿ. ಎಕ್ಸ್‌ಪ್ರೆಸ್‌ನಲ್ಲಿ ಇಂತಿಷ್ಟೇ ಸೈಟ್ ಇರಬೇಕು ಅನ್ನುವ ನಿಯಮ ಇಲ್ಲ. ಒಂದು ಇನ್‌ಸ್ಟನ್ಸ್‌ನಲ್ಲಿ (ಒಮ್ಮೆ ಇನ್‌ಸ್ಟಾಲ್ ಮಾಡಿದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ) 32,767 ಡೇಟಾಬೇಸ್‌ವರೆಗೆ ಇಡಬಹುದು. ವ್ಯಾಪಾರದ ಸೈಟ್‌ಗೂ ಬಳಸಬಹುದು, ದುಡ್ಡು ಕೊಡಬೇಕಿಲ್ಲ. ನೋಡಬೇಕಾದ್ದು ಮೂರು ಮಿತಿಗಳನ್ನು. 2022ರವರೆಗಿನ ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸ್ 10 ಜಿಬಿ ದಾಟುವಂತಿಲ್ಲ. ಡೇಟಾ ಇಟ್ಟುಕೊಳ್ಳುವ ಬಫರ್ ಮೆಮೊರಿ 1,410 ಎಂಬಿ. ಪ್ರೊಸೆಸರ್ ಒಂದು ಸಾಕೆಟ್ (ಪ್ರೊಸೆಸರ್ ಚಿಪ್ ಕೂರುವ ಜಾಗ) ಅಥವಾ 4 ಕೋರ್, ಎರಡರಲ್ಲಿ ಯಾವುದು ಕಮ್ಮಿಯೋ ಅಷ್ಟು.

10 ಜಿಬಿ ಅನ್ನುವುದು ಪ್ರತಿ ಡೇಟಾಬೇಸ್‌ಗೆ ಬೇರೆ ಬೇರೆ ಲೆಕ್ಕ. 20 ಸೈಟ್‌ಗೆ 20 ಡೇಟಾಬೇಸ್ ಇದ್ದರೆ ಪ್ರತಿಯೊಂದಕ್ಕೂ 10 ಜಿಬಿ ಸಿಗುತ್ತದೆ. ಆದರೆ 1,410 ಎಂಬಿ ಮೆಮೊರಿಯನ್ನು ಆ ಇಪ್ಪತ್ತೂ ಹಂಚಿಕೊಳ್ಳಬೇಕು. ಹೆಚ್ಚಿನವರು 10 ಜಿಬಿ ಒಂದನ್ನೇ ನೋಡುತ್ತಾರೆ. ತುಂಬಾ ಸೈಟ್ ಇರುವವರಿಗೆ ನಿಜವಾಗಿ ಕಷ್ಟ ಕೊಡುವುದು ಮೆಮೊರಿ. ದಿನಕ್ಕೆ ನೂರು ಜನ ನೋಡುವ 30 ಸೈಟ್‌ಗಳು ಎಕ್ಸ್‌ಪ್ರೆಸ್‌ನಲ್ಲಿ ಆರಾಮಾಗಿ ಓಡುತ್ತವೆ. ಸಾವಿರಾರು ಸಾಮಾನು ಇರುವ ಒಂದೇ ಒಂದು ಆನ್‌ಲೈನ್ ಅಂಗಡಿ, ಜನ ಹುಡುಕಾಟ ಶುರು ಮಾಡಿದಾಗ ಅದೇ ಎಕ್ಸ್‌ಪ್ರೆಸ್ಸನ್ನು ಏದುಸಿರು ಬಿಡಿಸಬಹುದು.

10 ಜಿಬಿ ತುಂಬಿದರೆ ಏನಾಗುತ್ತದೆ?

ಇದು ನನಗೇ ಆಗಿದೆ. ಒಂದು ಕಾಲೇಜಿನ ಸೈಟ್. ಪರೀಕ್ಷೆಯ ಫಲಿತಾಂಶ ಬಂದ ದಿನ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಬಂತು. ಪುಟಗಳು ತೆರೆಯುತ್ತಿದ್ದವು, ಆದರೆ ಯಾರಿಗೂ ಲಾಗಿನ್ ಆಗುತ್ತಿರಲಿಲ್ಲ. ಎರರ್ ಲಾಗ್ ತೆರೆದರೆ 1827 ಅನ್ನುವ ಸಂಖ್ಯೆ ಸಾಲು ಸಾಲಾಗಿ ಕೂತಿತ್ತು. ಡೇಟಾಬೇಸ್ ದೊಡ್ಡದಾದರೆ 10240 ಎಂಬಿಯ ಲೈಸೆನ್ಸ್ ಮಿತಿ ಮೀರುತ್ತದೆ, ಆದ್ದರಿಂದ ಬೆಳೆಸಲು ಆಗುವುದಿಲ್ಲ ಅಂತ ಅದರ ಅರ್ಥ. ಇದ್ದ ಡೇಟಾ ಓದಲು ಬರುತ್ತದೆ, ಹೊಸದಾಗಿ ಒಂದು ಸಾಲೂ ಸೇರುವುದಿಲ್ಲ. ಲಾಗಿನ್ ಆದಾಗಲೆಲ್ಲ ಒಂದು ಟೇಬಲ್‌ಗೆ ಸಾಲು ಬರೆಯುವ ಹಾಗೆ ನಾನೇ ಕೋಡ್ ಮಾಡಿದ್ದೆ. ಅಲ್ಲೇ ಸಿಕ್ಕಿಹಾಕಿಕೊಂಡಿತ್ತು.

ಡೇಟಾಬೇಸ್ ಮೇಲೆ ರೈಟ್ ಕ್ಲಿಕ್ ಮಾಡಿ, ರಿಪೋರ್ಟ್ಸ್‌ನಲ್ಲಿ ‘ಡಿಸ್ಕ್ ಯೂಸೇಜ್ ಬೈ ಟಾಪ್ ಟೇಬಲ್ಸ್’ ತೆಗೆದೆ. ವಿದ್ಯಾರ್ಥಿಗಳ ಟೇಬಲ್ ಬೆರಳೆಣಿಕೆಯಷ್ಟು ಎಂಬಿ. ಯಾರು ಯಾವಾಗ ಯಾವ ಪುಟ ನೋಡಿದರು ಅಂತ ಬರೆದಿಡುವ ಟೇಬಲ್ ಒಂದೇ 7 ಜಿಬಿ! ನಾಲ್ಕು ವರ್ಷದಿಂದ ಯಾರೂ ಅದರ ಕಡೆ ತಲೆ ಹಾಕಿರಲಿಲ್ಲ. ಹಳೆಯ ಸಾಲುಗಳನ್ನು ತಿಂಗಳು ತಿಂಗಳಾಗಿ ಅಳಿಸಿದೆ. ಒಂದೇ ಏಟಿಗೆ ಅಳಿಸಲು ಹೋದರೆ, ಡೇಟಾಬೇಸ್‌ನ ಪ್ರತಿ ಬದಲಾವಣೆಯನ್ನೂ ಬರೆದಿಡುವ ಲಾಗ್ ಫೈಲ್ ಉಬ್ಬಿ ಡಿಸ್ಕೇ ತುಂಬಿಬಿಡುತ್ತದೆ. ಅರ್ಧ ಗಂಟೆಯಲ್ಲಿ ಸೈಟ್ ಸರಿಹೋಯಿತು. ಆದರೆ ಆ ಅರ್ಧ ಗಂಟೆ ಫಲಿತಾಂಶಕ್ಕೆ ಕಾದ ಮಕ್ಕಳನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಆದ್ದರಿಂದ ದೊಡ್ಡ ಎಡಿಷನ್‌ಗೆ ದುಡ್ಡು ಕೊಡುವ ಮೊದಲು ಆ ರಿಪೋರ್ಟ್ ತೆರೆದು ನೋಡಿ. ಫೋಟೋ, ಪಿಡಿಎಫ್‌ಗಳನ್ನು ಡೇಟಾಬೇಸ್ ಒಳಗೇ ಇಟ್ಟಿದ್ದರೆ ಹೊರಗಿನ ಫೋಲ್ಡರ್‌ಗೆ ಹಾಕಿ, ಆ ಫೈಲ್ ಎಲ್ಲಿದೆ ಅನ್ನುವ ವಿಳಾಸವನ್ನಷ್ಟೇ (ಫೈಲ್ ಪಾತ್) ಟೇಬಲ್‌ನಲ್ಲಿ ಇಡಿ. ಇನ್ನೊಂದು ವಿಷಯ: ಮಿತಿ ಇರುವುದು ಡೇಟಾ ಫೈಲ್‌ಗೆ. ಲಾಗ್ ಫೈಲ್ ಅದರಲ್ಲಿ ಸೇರುವುದಿಲ್ಲ.

ಕಮ್ಮಿ ಜನ ಬರುವ ಸೈಟ್ ಮೊದಲ ಸಲ ತೆರೆಯುವಾಗ ನಿಧಾನ. ಎಡಿಷನ್ ಬದಲಿಸಬೇಕಾ?

ಬೇಡ, ಸ್ವಲ್ಪ ತಡೆಯಿರಿ. ಎಕ್ಸ್‌ಪ್ರೆಸ್‌ನಲ್ಲಿ ಹೊಸ ಡೇಟಾಬೇಸ್ ಮಾಡಿದರೆ ‘ಆಟೋ ಕ್ಲೋಸ್’ ಅನ್ನುವ ಆಯ್ಕೆ ತಾನಾಗಿಯೇ ಆನ್ ಆಗಿರುತ್ತದೆ. ಕೊನೆಯ ಬಳಕೆದಾರ ಹೊರಹೋದ ಕೂಡಲೇ ಡೇಟಾಬೇಸ್ ಮುಚ್ಚಿಕೊಳ್ಳುತ್ತದೆ. ಮುಂದಿನವರು ಬಂದಾಗ ಮತ್ತೆ ತೆರೆಯಬೇಕು. ಡೆಸ್ಕ್‌ಟಾಪ್ ಪ್ರೋಗ್ರಾಮ್‌ಗಳಿಗೆ ಅದು ಸರಿ, ವೆಬ್‌ಸೈಟ್‌ಗೆ ಸರಿಯಲ್ಲ. ಎರರ್ ಲಾಗ್‌ನಲ್ಲಿ ‘ಸ್ಟಾರ್ಟಿಂಗ್ ಅಪ್ ಡೇಟಾಬೇಸ್’ ಅನ್ನುವ ಸಾಲು ಒಂದೇ ಹೆಸರಿನ ಜೊತೆ ಮತ್ತೆ ಮತ್ತೆ ಕಾಣುತ್ತಿದ್ದರೆ ಇದೇ ಕಾರಣ. ಡೇಟಾಬೇಸ್‌ನ ಪ್ರಾಪರ್ಟೀಸ್‌ನಲ್ಲಿ ಆಪ್ಷನ್ಸ್‌ಗೆ ಹೋಗಿ ಆಟೋ ಕ್ಲೋಸ್ ಅನ್ನು ‘ಫಾಲ್ಸ್’ ಮಾಡಿ. ಹಾಗೇ ಅಲ್ಲೇ ಇರುವ ‘ಆಟೋ ಶ್ರಿಂಕ್’ (ಡೇಟಾಬೇಸ್ ಫೈಲನ್ನು ತಾನಾಗಿ ಕುಗ್ಗಿಸುವ ಆಯ್ಕೆ) ಕೂಡ ಆಫ್ ಇದೆಯಾ ನೋಡಿ. ಒಂದು ರೂಪಾಯಿ ಖರ್ಚಿಲ್ಲದ ಕೆಲಸ ಇದು.

ವಿಂಡೋಸ್‌ನಲ್ಲಿ ಸೈಟ್‌ಗಳನ್ನು ನಡೆಸುವ ಐಐಎಸ್‌ನ ಆಪ್ ಪೂಲ್ (ಸೈಟ್‌ನ ಕೋಡ್ ಓಡುವ ಜಾಗ) ಕೂಡ 20 ನಿಮಿಷ ಯಾರೂ ಬರದಿದ್ದರೆ ನಿದ್ದೆಗೆ ಜಾರುತ್ತದೆ. ಅದನ್ನೂ ನೋಡಿ.

8 ಕೋರ್ ವಿಪಿಎಸ್ ಇದೆ, ಆದರೂ ಒಂದೇ ಕೋರ್ ಓಡುತ್ತಿದೆ. ಯಾಕೆ?

‘ಒಂದು ಸಾಕೆಟ್ ಅಥವಾ 4 ಕೋರ್, ಯಾವುದು ಕಮ್ಮಿಯೋ ಅಷ್ಟು’ ಅನ್ನುವ ಮಾತು ಇಲ್ಲಿ ಕೆಲಸ ಮಾಡುತ್ತಿದೆ. ವರ್ಚುವಲ್ ಮಷೀನ್ ಮಾಡುವಾಗ 8 ಕೋರನ್ನು ಎರಡು ರೀತಿಯಲ್ಲಿ ಕೊಡಬಹುದು: ಒಂದು ಸಾಕೆಟ್‌ನಲ್ಲಿ 8 ಕೋರ್, ಇಲ್ಲವೇ ತಲಾ ಒಂದು ಕೋರ್ ಇರುವ 8 ಸಾಕೆಟ್. ಎರಡನೆಯ ರೀತಿಯಲ್ಲಿ ಕೊಟ್ಟಿದ್ದರೆ ಎಕ್ಸ್‌ಪ್ರೆಸ್ ಒಂದು ಸಾಕೆಟ್ ಹಿಡಿದುಕೊಳ್ಳುತ್ತದೆ, ಅಂದರೆ ಒಂದೇ ಕೋರ್. ಉಳಿದ ಏಳು ಸುಮ್ನೆ ಕೂತಿರುತ್ತವೆ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ‘ಸಾಕೆಟ್ಸ್’ ಅನ್ನುವ ಕಡೆ ಎಷ್ಟಿದೆ ಅಂತ ನೋಡಿ. 8 ಇದ್ದರೆ ಹೋಸ್ಟಿಂಗ್‌ನವರಿಗೆ ಹೇಳಿ ಬದಲಾಯಿಸಿಕೊಳ್ಳಿ. ದುಡ್ಡು ಕೊಟ್ಟು ತೆಗೆದುಕೊಂಡ ಸ್ಟ್ಯಾಂಡರ್ಡ್‌ನಲ್ಲೂ ಇದೇ ಆಗುತ್ತದೆ. ಅದರ ಮಿತಿ 4 ಸಾಕೆಟ್, ಹಾಗಾಗಿ 8 ಸಾಕೆಟ್ ತೋರಿಸಿದರೆ ಅರ್ಧ ಕೋರ್‌ಗಳು ದಂಡ.

ಎಕ್ಸ್‌ಪ್ರೆಸ್‌ನಲ್ಲಿ ಬ್ಯಾಕಪ್ ತಾನಾಗಿ ಆಗುತ್ತದಾ?

ಇಲ್ಲ. ವೇಳಾಪಟ್ಟಿ ಪ್ರಕಾರ ಕೆಲಸ ಮಾಡಿಸುವ ‘ಎಸ್‌ಕ್ಯೂಎಲ್ ಸರ್ವರ್ ಏಜೆಂಟ್’ ಎಕ್ಸ್‌ಪ್ರೆಸ್‌ನಲ್ಲಿ ಇಲ್ಲ. ವೆಬ್, ಸ್ಟ್ಯಾಂಡರ್ಡ್‌ನಲ್ಲಿ ಇದೆ. ಆದರೆ ಇದೊಂದೇ ಕಾರಣಕ್ಕೆ ಯಾರೂ ದುಡ್ಡು ಖರ್ಚು ಮಾಡಬೇಕಿಲ್ಲ. ಎಲ್ಲ ಡೇಟಾಬೇಸ್‌ಗಳ ಬ್ಯಾಕಪ್ ತೆಗೆಯುವ ಒಂದು ಸ್ಕ್ರಿಪ್ಟ್ ಬರೆದು, ‘ಎಸ್‌ಕ್ಯೂಎಲ್‌ಸಿಎಂಡಿ’ (sqlcmd) ಅನ್ನುವ ಕಮಾಂಡ್ ಮೂಲಕ ಅದನ್ನು ಓಡಿಸುವ ಬ್ಯಾಚ್ ಫೈಲ್ ಮಾಡಿ. ಅದನ್ನು ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಕೊಟ್ಟರೆ ಮುಗಿಯಿತು. ರಾತ್ರಿ ಎರಡಕ್ಕೆ ತಾನೇ ನಡೆಯುತ್ತದೆ. ನನ್ನ ಸ್ಕ್ರಿಪ್ಟ್ ಹೊಸ ಡೇಟಾಬೇಸ್‌ಗಳನ್ನು ತಾನೇ ಪಟ್ಟಿಯಿಂದ ಹುಡುಕಿಕೊಳ್ಳುತ್ತದೆ. ಹೆಸರುಗಳನ್ನು ಒಂದೊಂದಾಗಿ ಬರೆದಿಟ್ಟರೆ, ಹೊಸ ಸೈಟ್ ಸೇರಿಸಿದ ದಿನ ಅದರ ಹೆಸರು ಬಿಟ್ಟುಹೋಗುತ್ತದೆ.

ಬ್ಯಾಕಪ್ ಫೈಲನ್ನು ಕುಗ್ಗಿಸುವ ಸೌಲಭ್ಯ ಎಕ್ಸ್‌ಪ್ರೆಸ್‌ನಲ್ಲೂ ಇಲ್ಲ, ವೆಬ್‌ನಲ್ಲೂ ಇಲ್ಲ. ಜಿಪ್ ಮಾಡಿಕೊಳ್ಳಿ. ಮತ್ತೆ, ದಯವಿಟ್ಟು ಬ್ಯಾಕಪ್ಪನ್ನು ಅದೇ ವಿಪಿಎಸ್‌ನಲ್ಲಿ ಬಿಡಬೇಡಿ. ಬೇರೆ ಊರಿನ ಬೇರೆ ಡಿಸ್ಕ್‌ಗೆ ಕಳಿಸಿ. ತಿಂಗಳಿಗೊಮ್ಮೆ ಒಂದನ್ನು ಮನೆಯ ಕಂಪ್ಯೂಟರ್‌ನಲ್ಲಿ ರಿಸ್ಟೋರ್ ಮಾಡಿ ನೋಡಿ.

ವೆಬ್ ಎಡಿಷನ್ ಅಂತ ಇದೆಯಲ್ಲ. ಹೆಸರೇ ಹೇಳುತ್ತದೆ, ಅದನ್ನೇ ಕೊಂಡರೆ ಆಗದಾ?

ಆಗಬಹುದು, ಆದರೆ ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲ. ಹೋಸ್ಟಿಂಗ್ ಕಂಪನಿಗಳು ಮೈಕ್ರೋಸಾಫ್ಟ್ ಜೊತೆ ಮಾಡಿಕೊಳ್ಳುವ ‘ಎಸ್‌ಪಿಎಲ್‌ಎ’ ಅನ್ನುವ ಒಪ್ಪಂದದ ಮೂಲಕ ತಿಂಗಳ ಬಾಡಿಗೆಗೆ ಸಿಗುತ್ತದೆ. ಅಮೆಜಾನ್ ಥರದ ಕ್ಲೌಡ್‌ಗಳಲ್ಲಿ ಮಷೀನಿನ ಗಂಟೆಯ ಬಾಡಿಗೆಯಲ್ಲೇ ಸೇರಿರುತ್ತದೆ. ತುಂಬಾ ಸೈಟ್ ನಡೆಸುವವರಿಗೆ ಇದು ನಿಜಕ್ಕೂ ಒಳ್ಳೆಯ ಎಡಿಷನ್. ಬಫರ್ ಮೆಮೊರಿ 64 ಜಿಬಿ, 16 ಕೋರ್‌ವರೆಗೆ ಓಡುತ್ತದೆ, ಡೇಟಾಬೇಸ್‌ಗೆ 10 ಜಿಬಿಯ ಕಟ್ಟಿಲ್ಲ, ಏಜೆಂಟ್ ಇದೆ. ಬಾಡಿಗೆ ಸ್ಟ್ಯಾಂಡರ್ಡ್‌ಗಿಂತ ಬಹಳ ಕಮ್ಮಿ.

ಷರತ್ತು ಒಂದಿದೆ. ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಸಿಗುವ ವೆಬ್‌ಸೈಟ್, ವೆಬ್ ಆಪ್‌ಗಳಿಗಷ್ಟೇ ಅದನ್ನು ಬಳಸಬೇಕು. ಅದೇ ಸರ್ವರ್‌ನಲ್ಲಿ ಕಚೇರಿಯ ಒಳಗಿನ ಲೆಕ್ಕಪತ್ರ, ಸಂಬಳ, ಸ್ಟಾಕ್‌ನ ಸಾಫ್ಟ್‌ವೇರ್ ಓಡಿಸಿದರೆ ಲೈಸೆನ್ಸ್ ತಪ್ಪಿದ ಹಾಗೆ. ‘ಸರ್, ಹೇಗೂ ಸರ್ವರ್ ಇದೆಯಲ್ಲ, ನಮ್ಮ ಅಕೌಂಟ್ಸ್ ಡೇಟಾಬೇಸೂ ಅದರಲ್ಲೇ ಇಟ್ಟುಬಿಡಿ’ ಅಂತ ಗ್ರಾಹಕರು ಕೇಳುವುದು ಇಂಥ ಕಡೆಯೇ. ಅಂಥದ್ದಕ್ಕೆ ಪಕ್ಕದಲ್ಲಿ ಒಂದು ಎಕ್ಸ್‌ಪ್ರೆಸ್ ಹಾಕಿಕೊಡಿ.

2025ರಲ್ಲಿ ಏನು ಬದಲಾಗಿದೆ?

ನಮ್ಮಂಥವರಿಗೆ ದೊಡ್ಡ ಬದಲಾವಣೆಗಳೇ ಆಗಿವೆ. 2025ರ ನವೆಂಬರ್‌ನಲ್ಲಿ ಬಂದ ಎಸ್‌ಕ್ಯೂಎಲ್ ಸರ್ವರ್ 2025ರಲ್ಲಿ ವೆಬ್ ಎಡಿಷನ್ನೇ ಇಲ್ಲ. 2022ರ ವೆಬ್ ಎಡಿಷನ್ನೇ ಕೊನೆಯದು, ಅದಕ್ಕೆ 2033ರ ಜನವರಿಯವರೆಗೆ ಬೆಂಬಲ ಇದೆ. ಇನ್ನೊಂದು ಕಡೆ ಎಕ್ಸ್‌ಪ್ರೆಸ್‌ನ ಮಿತಿಯನ್ನು 10 ಜಿಬಿಯಿಂದ 50 ಜಿಬಿಗೆ ಏರಿಸಿದ್ದಾರೆ. ಹದಿನೈದು ವರ್ಷದಿಂದ, ಅಂದರೆ 2008 ಆರ್2 ಕಾಲದಿಂದ, ಆ 10 ಜಿಬಿ ಹಾಗೇ ಇತ್ತು. ಅದಕ್ಕೂ ಮೊದಲು 4 ಜಿಬಿ. ಸ್ಟ್ಯಾಂಡರ್ಡ್ 128 ಜಿಬಿ ಮೆಮೊರಿಯಿಂದ 256 ಜಿಬಿಗೆ, 24 ಕೋರ್‌ನಿಂದ 32 ಕೋರ್‌ಗೆ ಬೆಳೆದಿದೆ.

ಎಕ್ಸ್‌ಪ್ರೆಸ್‌ನ ಮೆಮೊರಿ ಮತ್ತು ಕೋರ್ ಮಿತಿ ಮಾತ್ರ ಹಿಂದಿನಂತೆಯೇ ಇದೆ. 40 ಜಿಬಿ ಡೇಟಾಬೇಸ್ ಇಡಬಹುದು ನಿಜ. ಆದರೆ ಅದನ್ನು 1,410 ಎಂಬಿ ಮೆಮೊರಿಯಲ್ಲೇ ಓಡಿಸಬೇಕು. ಹಳೆಯ ದಾಖಲೆ ಜಾಸ್ತಿ ಇದ್ದು, ದಿನವೂ ನೋಡುವುದು ಸ್ವಲ್ಪವೇ ಇರುವ ಸೈಟ್‌ಗೆ ಇದು ವರದಾನ. ಪ್ರತಿ ಕ್ವೆರಿಯೂ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯೂ) ಇಡೀ ಟೇಬಲ್ ಜಾಲಾಡುವ ಸೈಟ್‌ಗೆ ಅಲ್ಲ. ಹೊಸದಾಗಿ ಶುರು ಮಾಡುವವರಿಗೆ ನಾನು ಈಗ 2025 ಎಕ್ಸ್‌ಪ್ರೆಸ್ಸನ್ನೇ ಹೇಳುತ್ತೇನೆ.

ಹಾಗಾದರೆ ಸ್ಟ್ಯಾಂಡರ್ಡ್ ಯಾವಾಗ ಬೇಕು?

ಕೆಲಸ ಜಾಸ್ತಿ ಇರುವ ಹೊತ್ತಿನಲ್ಲಿ ‘ಪೇಜ್ ಲೈಫ್ ಎಕ್ಸ್‌ಪೆಕ್ಟೆನ್ಸಿ’ ಅನ್ನುವ ಅಳತೆಯನ್ನು ನೋಡಿ. ಡಿಸ್ಕ್‌ನಿಂದ ತಂದ ಡೇಟಾ ಮೆಮೊರಿಯಲ್ಲಿ ಎಷ್ಟು ಸೆಕೆಂಡ್ ಉಳಿಯುತ್ತದೆ ಅಂತ ಅದು ಹೇಳುತ್ತದೆ. ಹುಡುಕಾಟವನ್ನು ಚುರುಕು ಮಾಡುವ ಇಂಡೆಕ್ಸ್‌ಗಳನ್ನೆಲ್ಲ ಸರಿಮಾಡಿದ ಮೇಲೂ ಅದು ದಿನವಿಡೀ ಕೆಲವೇ ಸೆಕೆಂಡ್‌ಗಳಲ್ಲಿ ಹೊಯ್ದಾಡುತ್ತಿದ್ದರೆ ಮೆಮೊರಿ ಸಾಲುತ್ತಿಲ್ಲ ಅಂತ ತಿಳಿಯಿರಿ. ಆಗ ವೆಬ್ ಇಲ್ಲವೇ ಸ್ಟ್ಯಾಂಡರ್ಡ್‌ಗೆ ಹೋಗುವುದು ಸರಿ. ಒಂದು ಸರ್ವರ್ ಬಿದ್ದರೆ ಇನ್ನೊಂದು ಎದ್ದು ನಿಲ್ಲಬೇಕು ಅಂದರೂ ಸ್ಟ್ಯಾಂಡರ್ಡ್ ಬೇಕು. ಇದಕ್ಕೆ ಅದರಲ್ಲಿ ಸಿಗುವ ‘ಬೇಸಿಕ್ ಅವೈಲಬಿಲಿಟಿ ಗ್ರೂಪ್’ ಅನ್ನುವ ಸೌಲಭ್ಯದಲ್ಲಿ ಒಂದು ಗುಂಪಿಗೆ ಒಂದೇ ಡೇಟಾಬೇಸ್. 20 ಸೈಟ್ ಇದ್ದರೆ 20 ಗುಂಪು ಮಾಡಬೇಕಾಗುತ್ತದೆ, ಇದು ನೆನಪಿರಲಿ.

ಬೆಲೆ ಕೇಳಿದರೆ ಗಾಬರಿಯಾಗಬಹುದು. 2022ರ ಸ್ಟ್ಯಾಂಡರ್ಡ್‌ಗೆ 2 ಕೋರ್‌ನ ಪ್ಯಾಕ್ ಒಂದಕ್ಕೆ ಮೈಕ್ರೋಸಾಫ್ಟ್ ಪ್ರಕಟಿಸಿದ ದರ 3,945 ಡಾಲರ್. ಕಮ್ಮಿಯೆಂದರೂ 4 ಕೋರ್ ತೆಗೆದುಕೊಳ್ಳಲೇಬೇಕು, ಅಂದರೆ 7,890 ಡಾಲರ್. ಸರ್ವರ್‌ಗೊಂದು, ಬಳಕೆದಾರನಿಗೊಂದು ಅಂತ ಲೆಕ್ಕ ಹಾಕುವ ಅಗ್ಗದ ಲೈಸೆನ್ಸ್ ಒಂದಿದೆ. ಆದರೆ ಊರವರೆಲ್ಲ ಬರುವ ಸೈಟ್‌ನ ಬಳಕೆದಾರರನ್ನು ಎಣಿಸಲು ಆಗುವುದಿಲ್ಲ ಅಲ್ವಾ? ಅದಕ್ಕೇ ಸಾರ್ವಜನಿಕ ಸೈಟ್‌ಗೆ ಕೋರ್ ಲೆಕ್ಕವೇ ಗತಿ. ಒಟ್ಟಿಗೆ ಕೊಡಲು ಆಗದಿದ್ದರೆ ಹೋಸ್ಟಿಂಗ್‌ನವರಿಂದ ತಿಂಗಳ ಬಾಡಿಗೆಗೆ ತೆಗೆದುಕೊಳ್ಳಿ.

ತೆಗೆದುಕೊಂಡ ಮೇಲೆ ಮೊದಲ ದಿನವೇ ‘ಮ್ಯಾಕ್ಸ್ ಸರ್ವರ್ ಮೆಮೊರಿ’ಗೆ ಮಿತಿ ಹಾಕಿ. ಹಾಗೇ ಬಿಟ್ಟರೆ ಸಿಕ್ಕಷ್ಟೂ ಮೆಮೊರಿ ತಾನೇ ತೆಗೆದುಕೊಂಡು, ಪಕ್ಕದಲ್ಲೇ ಇರುವ ಐಐಎಸ್‌ಗೆ ಉಸಿರಾಡಲು ಬಿಡುವುದಿಲ್ಲ. 16 ಜಿಬಿ ಮಷೀನಿನಲ್ಲಿ ಸೈಟ್‌ಗಳೂ ಅಲ್ಲೇ ಇದ್ದರೆ ನಾನು ಡೇಟಾಬೇಸ್‌ಗೆ 8 ಜಿಬಿಯಿಂದ ಶುರು ಮಾಡುತ್ತೇನೆ.

ಎಂಟರ್‌ಪ್ರೈಸ್?

ನಿಮಗೆ ಬೇಡ. 2016ರ ಸರ್ವಿಸ್ ಪ್ಯಾಕ್ 1ರಿಂದ ಮೊದಲು ಎಂಟರ್‌ಪ್ರೈಸ್‌ನಲ್ಲಷ್ಟೇ ಸಿಗುತ್ತಿದ್ದ ಟೇಬಲ್ ಕಂಪ್ರೆಷನ್ (ಟೇಬಲ್ ಕುಗ್ಗಿಸುವುದು), ಪಾರ್ಟಿಷನಿಂಗ್‌ನಂಥ (ದೊಡ್ಡ ಟೇಬಲನ್ನು ಭಾಗ ಮಾಡುವುದು) ಸೌಲಭ್ಯಗಳು ಎಕ್ಸ್‌ಪ್ರೆಸ್‌ಗೂ ಬಂದಿವೆ. ಅಂದಹಾಗೆ, 10 ಜಿಬಿ ಹತ್ತಿರ ಬಂದವರು ಪೇಜ್ ಕಂಪ್ರೆಷನ್ ಮಾಡಿ ನೋಡಬಹುದು.

ಡೆವಲಪರ್ ಎಡಿಷನ್ ಉಚಿತ, ಯಾವ ಮಿತಿಯೂ ಇಲ್ಲ. ಅದನ್ನೇ ಹಾಕಿಬಿಡಲಾ?

ಬೇಡ. ಅದು ಕಲಿಯಲು, ಕೋಡ್ ಬರೆಯಲು, ಪರೀಕ್ಷೆ ಮಾಡಲು ಮಾತ್ರ. ಜನ ಬಳಸುವ ಸೈಟ್ ಅದರ ಮೇಲೆ ಓಡುವಂತಿಲ್ಲ. ತಾಂತ್ರಿಕವಾಗಿ ಏನೂ ತಡೆಯುವುದಿಲ್ಲ, ಅದಕ್ಕೇ ಎಷ್ಟೋ ಜನ ಗೊತ್ತಿಲ್ಲದೆ ಹಾಕಿಕೊಂಡಿರುತ್ತಾರೆ. ನಿಮ್ಮ ಗ್ರಾಹಕರ ಹೆಸರಿಗೆ ಲೈಸೆನ್ಸ್ ತೊಂದರೆ ತರಬೇಡಿ.

ಪ್ರಯೋಗ ಮಾಡಿ ನೋಡಲು ಕೊಡುವ ಇವ್ಯಾಲ್ಯುಯೇಷನ್ ಎಡಿಷನ್ ಇನ್ನೂ ಅಪಾಯ. 180 ದಿನ ಎಲ್ಲ ಸೌಲಭ್ಯವೂ ಇರುತ್ತದೆ, ಆಮೇಲೆ ಸರ್ವಿಸ್ ಶುರುವಾಗುವುದೇ ಇಲ್ಲ. ಬೇರೆಯವರು ಸೆಟಪ್ ಮಾಡಿಟ್ಟ ಸರ್ವರ್ ನಿಮ್ಮ ಕೈಗೆ ಬಂದರೆ ಮೊದಲು ನೋಡಬೇಕಾದ್ದು ಇದನ್ನು.

ಎಲ್ಲ ಸೈಟ್‌ಗೂ ಒಂದೇ ಡೇಟಾಬೇಸ್ ಇಟ್ಟರೆ ನಿಭಾಯಿಸಲು ಸುಲಭ ಅಲ್ವಾ?

ಶುರುವಿನಲ್ಲಿ ಸುಲಭ ಅನಿಸುತ್ತದೆ. ಆಮೇಲೆ ಒಬ್ಬ ಗ್ರಾಹಕರು ‘ನಿನ್ನೆಯ ಡೇಟಾ ವಾಪಸ್ ಬೇಕು’ ಅಂದಾಗ, ಅವರೊಬ್ಬರಿಗೋಸ್ಕರ ಎಲ್ಲರ ಡೇಟಾಬೇಸನ್ನೂ ಹಿಂದಕ್ಕೆ ತಳ್ಳಲು ಆಗುವುದಿಲ್ಲ. ಎಲ್ಲರದೂ ಸೇರಿ ಒಂದೇ ಮಿತಿಯೊಳಗೆ ಬರುತ್ತದೆ. ಆದ್ದರಿಂದ ಸೈಟ್‌ಗೊಂದು ಡೇಟಾಬೇಸ್, ಡೇಟಾಬೇಸ್‌ಗೊಂದು ಲಾಗಿನ್. ಎಲ್ಲ ಅಧಿಕಾರವೂ ಇರುವ ‘ಎಸ್‌ಎ’ ಲಾಗಿನ್‌ನ ಪಾಸ್‌ವರ್ಡನ್ನು ಯಾವ ಸೈಟ್‌ನ ಕಾನ್ಫಿಗ್ ಫೈಲ್‌ನಲ್ಲೂ ಬರೆಯಬೇಡಿ. ಒಂದು ಸೈಟ್‌ಗೆ ಯಾರಾದರೂ ನುಗ್ಗಿದರೆ ಇಪ್ಪತ್ತೂ ಹೋಗುತ್ತವೆ.

ಒಂದೇ ಮಷೀನಿನಲ್ಲಿ ಎರಡು ಎಕ್ಸ್‌ಪ್ರೆಸ್ ಹಾಕಬಹುದಾ?

ಹಾಕಬಹುದು. ಮೆಮೊರಿಯ ಮಿತಿ ಪ್ರತಿ ಇನ್‌ಸ್ಟನ್ಸ್‌ಗೆ ಬೇರೆ. ಎರಡು ಹಾಕಿದರೆ ತಲಾ 1,410 ಎಂಬಿ ಸಿಗುತ್ತದೆ. ತುಂಬಾ ಮೆಮೊರಿ ತಿನ್ನುವ ಒಂದು ಸೈಟನ್ನು ಬೇರೆ ಇನ್‌ಸ್ಟನ್ಸ್‌ಗೆ ಹಾಕಿ, ಉಳಿದವುಗಳನ್ನು ನೆಮ್ಮದಿಯಾಗಿ ಇಡಲು ಇದು ಒಳ್ಳೆಯ ಉಪಾಯ. ನಾನೂ ಹೀಗೇ ಮಾಡಿದ್ದೇನೆ. ಅಪ್‌ಡೇಟ್, ಬ್ಯಾಕಪ್ ಎರಡೆರಡು ಕಡೆ ನೋಡಿಕೊಳ್ಳಬೇಕು ಅಷ್ಟೇ.

ಈಗ ಎಕ್ಸ್‌ಪ್ರೆಸ್ ಹಾಕಿ, ಮುಂದೆ ಸ್ಟ್ಯಾಂಡರ್ಡ್‌ಗೆ ಹೋಗಬಹುದಾ?

ಸುಲಭವಾಗಿ ಹೋಗಬಹುದು. ಸೆಟಪ್‌ನಲ್ಲಿ ‘ಎಡಿಷನ್ ಅಪ್‌ಗ್ರೇಡ್’ ಅಂತಲೇ ಇದೆ, ಹೊಸ ಕೀ ಕೊಟ್ಟರೆ ಡೇಟಾಬೇಸ್‌ಗಳು ಇದ್ದಲ್ಲೇ ಇರುತ್ತವೆ. ಅದಕ್ಕೇ ಸಣ್ಣದರಿಂದ ಶುರು ಮಾಡಲು ಹೆದರಬೇಡಿ. ಮೇಲಿನಿಂದ ಕೆಳಗೆ ಬರಲು ಮಾತ್ರ ಈ ದಾರಿ ಇಲ್ಲ. ಬ್ಯಾಕಪ್ ತೆಗೆದು, ಹೊಸದಾಗಿ ಹಾಕಿ, ರಿಸ್ಟೋರ್ ಮಾಡಬೇಕು. ಹೊಸ ವರ್ಷನ್‌ನ ಬ್ಯಾಕಪ್ ಹಳೆಯ ವರ್ಷನ್‌ನಲ್ಲಿ ತೆರೆಯುವುದೇ ಇಲ್ಲ.

ಅಪ್‌ಗ್ರೇಡ್ ಆದ ಮೇಲೂ ಹಳೆಯ ಡೇಟಾಬೇಸ್‌ಗಳ ಆಟೋ ಕ್ಲೋಸ್ ಹಾಗೇ ಉಳಿದಿರುತ್ತದೆ. ಹೋಗಿ ಆಫ್ ಮಾಡಿ.

ಸೈಟ್‌ನಲ್ಲಿ ಕನ್ನಡ ಬರೆದರೆ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತಿದೆ. ಉಚಿತ ಎಡಿಷನ್ ಅಂತಾನಾ?

ಅಲ್ಲವೇ ಅಲ್ಲ. ಕನ್ನಡ ಎಲ್ಲ ಎಡಿಷನ್‌ನಲ್ಲೂ ಒಂದೇ ಥರ ಕೆಲಸ ಮಾಡುತ್ತದೆ. ಟೇಬಲ್‌ನ ಕಾಲಮಿನ ಬಗೆ ‘ವಾರ್‌ಕ್ಯಾರ್’ (varchar) ಇದ್ದರೆ ಅದನ್ನು ಯೂನಿಕೋಡ್ ಹಿಡಿಯುವ ‘ಎನ್‌ವಾರ್‌ಕ್ಯಾರ್’ (nvarchar) ಮಾಡಿ. ಕ್ವೆರಿಯಲ್ಲಿ ನೇರವಾಗಿ ಕನ್ನಡ ಬರೆಯುವಾಗ ಉದ್ಧರಣ ಚಿಹ್ನೆಯ ಮುಂದೆ ದೊಡ್ಡ ‘ಎನ್’ ಅಕ್ಷರ ಹಾಕಿ. ಕಾಲಮಿನ ಅಳತೆಯನ್ನು ಸ್ವಲ್ಪ ಧಾರಾಳವಾಗಿ ಇಡಿ. ‘ಲಕ್ಷ್ಮಿ’ ಅನ್ನುವುದು ಕಣ್ಣಿಗೆ ಎರಡೇ ಅಕ್ಷರ. ಒತ್ತು, ಗುಣಿತ ಎಲ್ಲ ಬಿಡಿಸಿದರೆ ಡೇಟಾಬೇಸ್‌ಗೆ ಅದು ಏಳು ಸಂಕೇತ, 14 ಬೈಟ್. ಇಂಗ್ಲಿಷ್ ಹೆಸರಿನ ಲೆಕ್ಕದಲ್ಲಿ 20 ಅಂತ ಇಟ್ಟರೆ ಉದ್ದದ ಕನ್ನಡ ಹೆಸರುಗಳು ಹಿಡಿಯುವುದಿಲ್ಲ. ಹೆಸರಿಗೆ ನಾನು 100 ಇಡುತ್ತೇನೆ.

ಈಗಾಗಲೇ ಪ್ರಶ್ನಾರ್ಥಕ ಚಿಹ್ನೆಯಾಗಿ ಸೇವ್ ಆಗಿರುವುದನ್ನು ಮತ್ತೆ ಕನ್ನಡಕ್ಕೆ ತರಲು ಆಗುವುದಿಲ್ಲ. ಮೂಲ ಅಕ್ಷರ ಡೇಟಾಬೇಸ್‌ನಲ್ಲಿ ಉಳಿದಿರುವುದೇ ಇಲ್ಲ. ಕಾಲಮ್ ಸರಿಮಾಡಿ, ಆ ಸಾಲುಗಳನ್ನು ಮತ್ತೊಮ್ಮೆ ಟೈಪ್ ಮಾಡಿಸಬೇಕು.